ಟಗರು ಹಾಯ್ದಿರಲಿಲ್ಲ

ಆ ಗಂಟು ಮೊದಲು ಸಿಕ್ಕಿದ್ದು ನನ್ನ ಬೆರಳಿಗೆ. ಯಾವ ಡಾಕ್ಟರಿಗೂ ಅಲ್ಲ, ಯಾವ ಮಷೀನಿಗೂ ಅಲ್ಲ.

ನನ್ನ ತಮ್ಮ ಅಮರಪ್ಪ ನಮ್ಮ ಪಡಸಾಲೆಯಲ್ಲಿ ಚಾಪೆಯ ಮೇಲೆ ಅಂಗಾತ ಮಲಗಿದ್ದ. ಬಲಗಡೆ ಪಕ್ಕೆಲುಬಿನ ಕೆಳಗೆ ಭಾರ ಎನ್ನುತ್ತಿದ್ದ. ಊಟ ಸೇರುತ್ತಿಲ್ಲ, ಕುರಿಗಳ ಹಿಂದೆ ನಾಲ್ಕು ಹೆಜ್ಜೆ ಜೋರಾಗಿ ನಡೆದರೆ ಏದುಸಿರು ಬರುತ್ತದೆ ಎನ್ನುತ್ತಿದ್ದ. ನಾನು ಎಣ್ಣೆ ಹಚ್ಚಿ ಬೆರಳಾಡಿಸಿದೆ. ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದು, ನುಣ್ಣನೆಯದು, ಒತ್ತಿದರೆ ಪುಟಿಯುವಂಥದ್ದು ಏನೋ ತಾಗಿತು.

"ಏನೈತಣ್ಣ?"

"ಬಟ್ಟಿ ಬಿದ್ದೈತಿ. ಮ್ಯಾಲೆ ಏರಿ ಗಂಟು ಕಟ್ಟೈತಿ, ಅಷ್ಟ."

ನನ್ನ ದನಿಯಲ್ಲಿ ಎಳ್ಳಷ್ಟೂ ಅನುಮಾನ ಇರಲಿಲ್ಲ. ಇವತ್ತು ನನಗೆ ನಾಚಿಕೆಯಾಗುವುದು ಆ ಅನುಮಾನವಿಲ್ಲದ ದನಿಗೆ.

ಬಟ್ಟಿ ಎಂದರೆ ಗೊತ್ತಿಲ್ಲದವರಿಗೆ ಹೇಳಬೇಕು. ಭಾರ ಎತ್ತಿದಾಗ, ಕಾಲು ಜಾರಿದಾಗ, ಹೊಕ್ಕುಳಿನ ಕೆಳಗೆ ಮಿಡಿಯುವ ನಾಡಿ ಜಾಗ ಬಿಟ್ಟು ಸರಿಯುತ್ತದೆ, ಹೊಟ್ಟೆನೋವು, ಭೇದಿ, ಹಸಿವಿಲ್ಲದಿರುವುದು ಎಲ್ಲ ಅದರಿಂದಲೇ ಬರುತ್ತದೆ ಎಂದು ನಮ್ಮ ಕಡೆ ನಂಬುತ್ತಾರೆ. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಮಲಗಿಸಿ, ಹೊಕ್ಕುಳಿನಿಂದ ಎದೆಯ ಎರಡೂ ಕಡೆಗೆ ದಾರ ಹಿಡಿದು ಅಳೆದು, ತಿಕ್ಕಿ ಒತ್ತಿ, ಆ ನಾಡಿಯನ್ನು ಮತ್ತೆ ಜಾಗಕ್ಕೆ ಕೂಡಿಸುವವರು ಊರಿಗೊಬ್ಬರು ಇರುತ್ತಾರೆ. ಪಾಮನಕಲ್ಲೂರಿನ ಆಚೆಗಿರುವ ನಮ್ಮ ಹಳ್ಳಿಯಲ್ಲಿ ಆ ಒಬ್ಬ ನಾನು. ಸೋದರಮಾವನಿಂದ ಕಲಿತಿದ್ದೆ. ಮಸ್ಕಿಯಿಂದ, ಒಮ್ಮೊಮ್ಮೆ ಮುದಗಲ್ಲಿನಿಂದಲೂ ಜನ ಬರುತ್ತಿದ್ದರು. ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ತೆಗೆದುಕೊಳ್ಳುವುದಿಲ್ಲ ಎನ್ನುವುದರಲ್ಲೇ ನನ್ನ ಅಹಂಕಾರವೆಲ್ಲ ಇತ್ತು.

ನಾನು ಊರಿನ ಪೋಸ್ಟ್ ಮಾಸ್ತರ. ಅಂಚೆಯ ಡಬ್ಬಿ, ಠಸ್ಸೆ, ತಕ್ಕಡಿ ಎಲ್ಲ ನಮ್ಮ ಪಡಸಾಲೆಯಲ್ಲೇ. ಲಿಂಗಸುಗೂರಿನಲ್ಲಿ ಮೆಟ್ರಿಕ್ ಓದಿದವನು. ನಾನು ಓದಿದ್ದು ಅಮರಪ್ಪ ಓದದೆ ಉಳಿದದ್ದರಿಂದ. ಅಪ್ಪ ತೀರಿಕೊಂಡಾಗ ಕುರಿ ಹಿಂಡಿನ ಹಿಂದೆ ಒಬ್ಬರು ಹೋಗಲೇಬೇಕಿತ್ತು. ಅವನು ಹೋದ. ಅದರ ಬಗ್ಗೆ ನಮ್ಮಿಬ್ಬರಲ್ಲಿ ಒಮ್ಮೆಯೂ ಮಾತು ಬಂದಿರಲಿಲ್ಲ.

ಎರಡು ವರ್ಷದಲ್ಲಿ ಆರೇಳು ಸಲ ಅವನ ಹೊಟ್ಟೆ ತಿಕ್ಕಿದೆ. ಸಿಂಧನೂರು ಕಡೆಯ ಕಾಲುವೆ ಗದ್ದೆಗಳಲ್ಲಿ ರಾತ್ರಿ ಗೊಬ್ಬರಕ್ಕೆಂದು ಕುರಿ ತರುಬಿಸಿ ಅವನು ಊರಿಗೆ ಬಂದಾಗಲೆಲ್ಲ ಮೊದಲು ಬರುತ್ತಿದ್ದುದು ನನ್ನ ಚಾಪೆಗೆ. ಪ್ರತಿಸಲವೂ ಗಂಟು ದೊಡ್ಡದಾಗಿರುತ್ತಿತ್ತು. ಪ್ರತಿಸಲವೂ ನಾನು, "ಕಡಿಮಿ ಆಗಾಕತ್ತೈತಿ" ಎನ್ನುತ್ತಿದ್ದೆ. ಬೆರಳಿಗೆ ಗೊತ್ತಾಗುತ್ತಿತ್ತು. ಬಾಯಿ ಬೇರೆ ಹೇಳುತ್ತಿತ್ತು.

ಎಂಬತ್ತರ ದಶಕದ ಮಧ್ಯದ ಒಂದು ವರ್ಷ. ಹತ್ತಿ ಬಿಡಿಸುವ ಕಾಲ. ನನ್ನ ಹೆಂಡತಿ ಹೊಲಕ್ಕೆ ಹೋಗಿದ್ದಳು. ಅಮರಪ್ಪ ಬೆಳಿಗ್ಗೆ ಬಂದ. ಅವನ ಹಿಂದೆ ಕೆಂಚನೂ ಬಂತು. ಕೆಂಚ ಅವನ ಟಗರು. ಕೆಂಗುರಿ ಜಾತಿಯದು, ಸುಟ್ಟ ಇಟ್ಟಿಗೆಯ ಬಣ್ಣ, ಎರಡು ಸುತ್ತು ಸುತ್ತಿದ ಕೊಂಬು. ಹಿಂಡಿಗೆಲ್ಲ ಬೀಜದ ಟಗರು ಅದೇ. ಹುಟ್ಟಿದಾಗಲೇ ತಾಯಿ ಸತ್ತಿದ್ದರಿಂದ ಅಮರಪ್ಪನೇ ಬೇರೆ ಕುರಿಯ ಹಾಲು ಕುಡಿಸಿ ಬೆಳೆಸಿದ್ದ. ಅವನು ಎಲ್ಲಿ ಹೋದರೂ ಅದು ನಾಯಿಯ ಹಾಗೆ ಹಿಂದೆ ಬಂದು, ಅವನು ಹೊರಡುವ ತನಕ ಅಂಗಳದ ಬೇವಿನ ಗಿಡದ ಕೆಳಗೆ ಮೆಲುಕು ಹಾಕುತ್ತ ಮಲಗುತ್ತಿತ್ತು. ಅವತ್ತೂ ಹಾಗೇ ಮಲಗಿತು.

"ಯಣ್ಣ, ಸಾಕು. ಇವತ್ತ ಯಾಕೋ ಭಾಳ ನೋಯಾಕತ್ತೈತಿ."

"ಹೆಣ್ಮಕ್ಕಳಂಗ ಚೀರಬ್ಯಾಡಲೇ. ಇವತ್ತ ಇದನ್ನ ಬಿಡಂಗಿಲ್ಲ ನಾನು."

ಅಂಗೈಯ ಬುಡವನ್ನು ಗಂಟಿನ ಮೇಲಿಟ್ಟು ಮೈಭಾರ ಹಾಕಿ ಒತ್ತಿದೆ.

ಕೈಕೆಳಗೆ ಏನೋ ಒಡೆಯಿತು.

ಸದ್ದು ಆಗಲಿಲ್ಲ. ಹಣ್ಣಾದ ಹಣ್ಣನ್ನು ಬಟ್ಟೆಯೊಳಗಿಟ್ಟು ಹಿಚುಕಿದರೆ ಹೇಗೋ ಹಾಗೆ. ಬೆರಳಾಡಿಸಿದೆ. ಗಂಟು ಇರಲಿಲ್ಲ.

ಮುಂದಿನ ಮಾತು ಬರೆಯಲು ಎಷ್ಟೋ ದಿನ ಕೈ ಏಳಲಿಲ್ಲ. ನಾನು ಖುಷಿಪಟ್ಟೆ. "ಹೋತು ನೋಡಲೇ ಅಮರ್ಯಾ! ಎರಡು ವರ್ಷದ ಗಂಟು, ಎಲ್ಲೈತಿ ತೋರಸು!" ಎಂದು ಅವನ ತೊಡೆಗೆ ಹೊಡೆದೆ. ಮೊದಲು ಯಾರಿಗೆ ಹೇಳಲಿ ಎಂದು ಬಾಗಿಲ ಕಡೆ ನೋಡಿದೆ. ಯಾರೂ ಇರಲಿಲ್ಲ. ಯಾರೂ ಇರಲಿಲ್ಲ ಎಂಬುದೇ ಆಮೇಲೆ ನನಗೆ ಅನುಕೂಲವಾಯಿತು.

ಅವನು ಮೈ ಕೆರೆದುಕೊಳ್ಳತೊಡಗಿದ. ಮೊದಲು ಕುತ್ತಿಗೆ, ಆಮೇಲೆ ತೋಳು. ನೋಡುನೋಡುತ್ತಿದ್ದಂತೆ ಮೈತುಂಬ ಕೆಂಪು ದದ್ದುಗಳು ಎದ್ದವು. ತುಟಿ ಊದಿತು. ಕಣ್ಣು ಮುಚ್ಚಿಕೊಳ್ಳುವಷ್ಟು ಮುಖ ಊದಿತು. "ಯಣ್ಣ, ಉಸುರು..." ಎಂದ. ವಾಂತಿಯಾಯಿತು. ಹೊಟ್ಟೆ ಹಲಗೆಯ ಹಾಗೆ ಬಿಗಿಯಿತು. ನಾನು ಕೂಗಿಕೊಂಡೆ.

ಜನ ಓಡಿ ಬಂದರು. ಪಕ್ಕದ ಮನೆಯ ಹಿರಿಯರು ಬಾಗಿಲಲ್ಲೇ ನಿಂತು, "ಏನಾತೋ ಮಾಸ್ತರ? ಚಲೋ ಬಂದಿದ್ನಲ್ಲೋ ಈಗ!" ಎಂದರು.

ನಾನು ಎಣ್ಣೆಗೈಯನ್ನು ಪಂಚೆಗೆ ಒರೆಸಿಕೊಂಡೆ. ಅಂಗಳದಲ್ಲಿ ಕೆಂಚ ಗದ್ದಲಕ್ಕೆ ಎದ್ದು ನಿಂತು ಒಳಗೆ ನೋಡುತ್ತಿತ್ತು.

"ಟಗರು ಹಾಯ್ತು" ಎಂದೆ.

ಹತ್ತಿ ಹೇರಿಕೊಂಡು ಹೊರಟಿದ್ದ ಟ್ರ್ಯಾಕ್ಟರ್ ನಿಲ್ಲಿಸಿ, ಹತ್ತಿ ಮೂಟೆಗಳ ಮೇಲೆಯೇ ಅವನನ್ನು ಮಲಗಿಸಿ ಮಸ್ಕಿಗೆ ಒಯ್ದೆವು. ಅಲ್ಲಿನ ಡಾಕ್ಟರು ಎರಡು ಇಂಜೆಕ್ಷನ್ ಕೊಟ್ಟು ಸಲೈನ್ ಹಚ್ಚಿದರು. ಊತ ಸ್ವಲ್ಪ ಇಳಿಯಿತು. ಉಸಿರು ಬಂತು. ಅವರು ತಮ್ಮನ ಮುಖದ ಹತ್ತಿರ ಬಾಗಿ ಕೇಳಿದರು.

"ಟಗರು ಹಾಯ್ತೇನಪ್ಪ?"

ಅಮರಪ್ಪ ಊದಿದ ಕಣ್ಣನ್ನು ಕಷ್ಟದಿಂದ ತೆರೆದು ನನ್ನನ್ನು ನೋಡಿದ. ಆಮೇಲೆ ಡಾಕ್ಟರ ಕಡೆ ತಿರುಗಿ ಹೌದೆಂದು ತಲೆಯಾಡಿಸಿದ.

ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ನಾನು ಇಷ್ಟು ವರ್ಷ ಇದನ್ನು ಹೊರಬೇಕಾಗಿರಲಿಲ್ಲ. ಸಿಟ್ಟು ಇರಲಿಲ್ಲ.

ಅಲ್ಲಿಂದ ಕಳಿಸಿಕೊಟ್ಟ ಸಿಂಧನೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಅವತ್ತು ಮಧ್ಯಾಹ್ನವೇ ಹೊಟ್ಟೆ ತೆರೆದರು. ಪೆಟ್ಟಿನಿಂದ ಒಳಗೆ ರಕ್ತ ಸೋರುತ್ತಿರಬೇಕೆಂದು ಸರ್ಜನ್ ಅಂದುಕೊಂಡಿದ್ದರು. ಆಪರೇಷನ್ ಮುಗಿಸಿ ಹೊರಗೆ ಬಂದಾಗ ಕೈಯಲ್ಲಿ ಒಂದು ಗಾಜಿನ ಬಾಟಲಿ ಇತ್ತು. ನೀರಿನಲ್ಲಿ ಬಿಳಿ ದ್ರಾಕ್ಷಿಯಂಥ ಗುಳ್ಳೆಗಳು ತೇಲುತ್ತಿದ್ದವು.

ತಮ್ಮನ ಹೆಂಡತಿ ದುರುಗಮ್ಮ ಬಾಟಲಿ ನೋಡಿದವಳೇ, "ಇವು ಕುರಿ ಹೊಟ್ಟ್ಯಾಗ ಇರತಾವಲ್ರೀ!" ಎಂದಳು.

"ಹೌದವ್ವ" ಎಂದರು ಸರ್ಜನ್. "ಕುರಿ ಕೊಯ್ದಾಗ ಅದರ ಲಿವರಿನ್ಯಾಗಿನ ಈ ನೀರಗುಳ್ಳಿ ನಾಯಿಗೆ ಒಗಿತೀರಿ. ನಾಯಿ ಹೊಟ್ಟ್ಯಾಗ ಅದು ಸಣ್ಣ ಹುಳ ಆಗತೈತಿ. ನಾಯಿ ಮೈ ಸವರಿ ಅದ ಕೈಲೆ ರೊಟ್ಟಿ ತಿಂತೀರಿ. ಅದರ ತತ್ತಿ ಮನುಷ್ಯಾನ ಲಿವರಿಗೆ ಹೋಗಿ ಕುಂದರತಾವ. ಹೈಡಾಟಿಡ್ ಸಿಸ್ಟ್ ಅಂತಾರ. ವರ್ಷಗಟ್ಟಲೆ ಸುಮ್ಮನ ಬೆಳೀತೈತಿ. ಒಳಗ ಒಡದ್ರ ಮಾತ್ರ ಭಾಳ ಕೆಟ್ಟದ್ದು. ಮೈಯೆಲ್ಲ ದದ್ದು ಎದ್ದು ಉಸಿರು ಕಟ್ಟಿದ್ದು ಅದಕ್ಕ."

ಆಮೇಲೆ ನನ್ನ ಕಡೆ ತಿರುಗಿದರು. "ನೀವು ಓದಿದವರು ಅಂತಾರ. ಈ ಗಂಟು ಮೊದಲೇ ಯಾರ ಕೈಗರೆ ಸಿಕ್ಕಿತ್ತೇನು? ಯಾರರ ತಿಕ್ಕಿ ಒತ್ತಿದ್ರೇನು?"

ನಿಜ ಹೇಳಲು ಎರಡನೆಯ ಸಲ ಬಂದ ಅವಕಾಶ ಅದು. ಆ ಪ್ರಶ್ನೆ ಕೇಳಲು ಅವರಿಗೆ ಹೇಗೆ ತೋಚಿತೋ ಗೊತ್ತಿಲ್ಲ. ನಮ್ಮ ಕಡೆಯವರನ್ನು ಬಲ್ಲವರಿರಬೇಕು.

"ಇಲ್ಲರಿ ಸಾಹೇಬ್ರ. ಏನೂ ಇದ್ದಿದ್ದಿಲ್ಲ."

"ಹಂಗಾದ್ರ ಸರಿ. ಬೀಜ ಒಳಗೆಲ್ಲ ಚೆಲ್ಲ್ಯಾವ. ತೊಳದೀನಿ. ಆದ್ರೂ ಮತ್ತ ಮೊಳಿಬಹುದು. ಗುಳಿಗಿ ಬಿಡಬಾರದು. ಆರು ತಿಂಗಳಿಗೊಮ್ಮೆ ತಪ್ಪದ ತೋರಸಬೇಕು. ಮುಂದಿನ ಸಲ ಬಂದಾಗ ಇದರ ಕತಿ ಮೊದಲಿಂದ ಕೂತು ಬರಕೋತೀನಿ."

ಆ ಕೊನೆಯ ಮಾತು ನನ್ನ ಎದೆಯಲ್ಲಿ ಕೂತಿತು.

ಅಮರಪ್ಪ ಆ ಆಸ್ಪತ್ರೆಯಲ್ಲಿ ಒಂದೂವರೆ ತಿಂಗಳು ಇದ್ದ. ಲಿವರಿನ ಗಾಯದಿಂದ ಪಿತ್ತರಸ ಸೋರುವುದು ನಿಲ್ಲಲಿಲ್ಲ. ಪಕ್ಕೆಯಿಂದ ಒಂದು ರಬ್ಬರ್ ಟ್ಯೂಬ್, ಅದರ ತುದಿಗೆ ಬಾಟಲಿ. ಬಾಟಲಿಯಲ್ಲಿ ಹಸಿರು ಹಳದಿ ನೀರು. ನೋಡಲು ಬಂದವರಿಗೆ ಕಾಣಬಾರದೆಂದು ಅವನು ಅದನ್ನು ಕಂಬಳಿಯಲ್ಲಿ ಮುಚ್ಚಿಡುತ್ತಿದ್ದ. ಕಾಡಿನಲ್ಲಿ ಬೆಳೆದ ಆಳು, ಮಂಚದ ಮೇಲೆ ಮಲವಿಸರ್ಜನೆ ಮಾಡಬೇಕಾಗಿ ಬಂದಾಗ ಗೋಡೆಗೆ ಮುಖ ತಿರುಗಿಸಿ ಅತ್ತ. ಬೆಡ್‌ಪ್ಯಾನ್ ಹಿಡಿದವನು ನಾನು. ನೋಡುವವರು, "ಅಣ್ಣ ಅಂದ್ರ ಹಿಂಗಿರಬೇಕು" ಎನ್ನುತ್ತಿದ್ದರು.

ನಡುವೆ ಅಂಚೆಯ ಕೆಲಸಕ್ಕೆಂದು ಎರಡು ದಿನ ಊರಿಗೆ ಬಂದಿದ್ದೆ. ನಂಟರೊಬ್ಬರನ್ನು ಅವನ ಬಳಿ ಕೂರಿಸಿ ದುರುಗಮ್ಮನೂ ಹಿಂಡು ನೋಡಲು ಬಂದಿದ್ದಳು. ಬೆಳಿಗ್ಗೆ ಠಸ್ಸೆ ಹಾಕುತ್ತ ಕುಳಿತಾಗ ಬೀದಿಯಲ್ಲಿ ಇಬ್ಬರು ಕೆಂಚನನ್ನು ಹಗ್ಗ ಹಾಕಿ ಎಳೆದೊಯ್ಯುತ್ತಿರುವುದು ಕಂಡಿತು. ಮುಂದೆ ದುರುಗಮ್ಮ.

"ನನ್ನ ಗಂಡನ್ನ ಮಲಗಿಸಿದ ಮೂಳ ಇದು. ಇದರ ಮಾರಿ ನಾ ಇನ್ನ ನೋಡಂಗಿಲ್ಲ ಭಾವ. ಇವತ್ತ ಕೊಯ್ಸಿ ಪಾಲು ಹಾಕಸ್ತೀನಿ."

ಕೆಂಚ ನಮ್ಮ ಬಾಗಿಲಿಗೆ ಬಂದಾಗ ನಿಂತುಬಿಟ್ಟಿತು. ನಮ್ಮ ಮನೆಯಲ್ಲಿ ಅದಕ್ಕೆ ಬಂದಾಗಲೆಲ್ಲ ಒಂದು ತುಂಡು ರೊಟ್ಟಿ ಸಿಗುತ್ತಿತ್ತು. ಹಗ್ಗ ಎಳೆದರೂ ಬರಲಿಲ್ಲ. ಕೊರಳು ಚಾಚಿ ನನ್ನ ಕೈಯನ್ನು ನೋಡಿತು.

ನಾನು ಠಸ್ಸೆ ಹಾಕುವುದನ್ನು ನಿಲ್ಲಿಸಲಿಲ್ಲ.

ಮಧ್ಯಾಹ್ನ ನಮ್ಮ ಮನೆಗೂ ಒಂದು ಪಾಲು ಬಂತು. ಹೆಂಡತಿ ಬೇಯಿಸಿ ಬಡಿಸಿದಳು. ಉಣ್ಣದಿದ್ದರೆ ಯಾಕೆ ಎಂದು ಕೇಳುತ್ತಾಳೆ. ಉಂಡೆ.

ಅಮರಪ್ಪ ಊರಿಗೆ ಬಂದ ದಿನ ಟ್ರ್ಯಾಕ್ಟರ್ ಇಳಿದವನೇ ದೊಡ್ಡಿಯ ಕಡೆ ನೋಡಿದ. ಒಂದು ಸಲ ಸೀಟಿ ಹಾಕಿದ. ಹೊಟ್ಟೆ ನೊಂದಿತೆಂದು ಮತ್ತೆ ಹಾಕಲಿಲ್ಲ. ದುರುಗಮ್ಮ ವಿಷಯ ಹೇಳಿದಳು. ಅವನು ಒಳಗೆ ಹೋಗಿ ಮಲಗಿದ. ಊರವರು ಆಯಾಸ ಎಂದುಕೊಂಡರು.

ನಾನು ನಾಲ್ಕು ತಿಂಗಳು ಯಾರ ಬಟ್ಟಿಯನ್ನೂ ನೋಡಲಿಲ್ಲ. ಬಂದವರಿಗೆ ಕೈನೋವು ಎಂದೆ. ಆಮೇಲೆ ಒಬ್ಬಳು ಮುದುಕಿ ಅಳುತ್ತ ಬಂದಳು, ತಿಕ್ಕಿದೆ, ಅವಳಿಗೆ ಗುಣವಾಯಿತು. ಮರುದಿನದಿಂದ ಮತ್ತೆ ಚಾಪೆ ಹಾಸಿದೆ. ಬಿಟ್ಟರೆ ಯಾಕೆ ಬಿಟ್ಟೆ ಎಂದು ಹೇಳಬೇಕಾಗುತ್ತದೆ, ಅದು ಒಂದು ಕಾರಣ. ಇನ್ನೊಂದು ಕಾರಣವನ್ನು ಮುಚ್ಚಿಟ್ಟರೆ ಇದನ್ನು ಬರೆದೂ ಉಪಯೋಗವಿಲ್ಲ. ಬೆಳಿಗ್ಗೆ ಎದ್ದು ಬಾಗಿಲು ತೆಗೆದಾಗ ನನಗಾಗಿ ಕಾದು ಕುಳಿತವರನ್ನು ನೋಡುವುದು ನನಗೆ ಬೇಕಾಗಿತ್ತು.

ಸಿಂಧನೂರಿಗೆ ಅವನನ್ನು ತೋರಿಸಲು ಒಂದೇ ಸಲ ಕರೆದೊಯ್ದೆ. ಅವತ್ತು ಆ ಸರ್ಜನ್ ಊರಲ್ಲಿರಲಿಲ್ಲ. ನನಗೆ ಎಷ್ಟು ಸಮಾಧಾನವಾಯಿತೆಂದರೆ, ವಾಪಸು ಬರುವಾಗ ಬಸ್ ಸ್ಟ್ಯಾಂಡಿನಲ್ಲಿ ಮಿರ್ಚಿ ಭಜಿ ಕೊಡಿಸಿದೆ. ಆಮೇಲೆ ಹೋಗಲಿಲ್ಲ. "ಆರಾಮ ಅದಿಯಲ್ಲ, ಸುಮ್ಮನ ಯಾಕ ಕೆದಕೋದು?" ಎನ್ನುತ್ತಿದ್ದೆ. ಗುಳಿಗೆಯೂ ನಿಂತಿತು. ಓದಿದ ಅಣ್ಣ ಹೇಳಿದ ಮೇಲೆ ಅವನಿಗೆ ಅದೇ ಸರಿ.

ಆರು ವರ್ಷ ಹಾಗೇ ಹೋಯಿತು.

ತೊಂಬತ್ತರ ದಶಕ ಶುರುವಾಗಿತ್ತು. ಅಮರಪ್ಪನ ಕೈಕಾಲು ಸಣ್ಣಗಾಗಿ ಹೊಟ್ಟೆ ದಪ್ಪವಾಯಿತು. ದುರುಗಮ್ಮ ನಗೆಯಾಡುತ್ತಿದ್ದಳು, "ಕಾಲವಿ ಕಡಿ ರೈತರ ಅಕ್ಕಿ ಉಂಡು ಸಾವ್ಕಾರ ಆಗ್ಯಾನ ನೋಡ್ರಿ ಭಾವ" ಎಂದು. ಒಂದು ದಿನ ಅಂಗಿ ತೆಗೆದು ಸ್ನಾನಕ್ಕೆ ಕುಳಿತಾಗ ನಾನು ನೋಡಿದೆ. ಹಳೆಯ ಹೊಲಿಗೆಯ ಎರಡೂ ಬದಿಗೆ ಚರ್ಮದ ಕೆಳಗೆ ಗಂಟುಗಳು. ಒಂದಲ್ಲ. ಗೋಣಿಚೀಲದಲ್ಲಿ ಆಲೂಗಡ್ಡೆ ತುಂಬಿದ ಹಾಗೆ.

ಮುಟ್ಟಲು ಕೈ ಮುಂದೆ ಹೋಯಿತು. ಅವನು ಅರಿವಿಲ್ಲದೆಯೇ ಹಿಂದೆ ಸರಿದ.

ಅದು ಹೊಡೆತದಂತೆ ತಾಗಿತು.

ಲಿಂಗಸುಗೂರಿನ ಡಾಕ್ಟರು ನೋಡಿ, ಕೂಡಲೇ ದೊಡ್ಡ ಊರಿನ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದರು. ಅಲ್ಲಿ ಸ್ಕ್ಯಾನಿಂಗ್ ಮಾಡಿದರು. ಲಿವರಿನ ಕೆಳಗೆ, ಕರುಳಿನ ಮಡಿಕೆಗಳಲ್ಲಿ, ಮೂತ್ರಕೋಶದ ಹಿಂದೆ, ಹೊಟ್ಟೆಯ ಒಳಗೆಲ್ಲ ಸಿಸ್ಟ್‌ಗಳು. ಅವತ್ತು ಒಡೆದು ಚೆಲ್ಲಿದ ಬೀಜಗಳು ಒಂದೊಂದೂ ಮೊಳೆತಿದ್ದವು.

ಅಲ್ಲಿನ ಸರ್ಜನ್ ನನಗಿಂತ ಚಿಕ್ಕವರು. ನಮ್ಮ ಕಡೆಯ ಮಾತೇ ಆಡುತ್ತಿದ್ದರು. ಸಿಂಧನೂರಿನ ಹಳೆಯ ಡಿಸ್ಚಾರ್ಜ್ ಕಾರ್ಡನ್ನು ಎರಡೆರಡು ಸಲ ಓದಿ ನನ್ನನ್ನು ಕೋಣೆಗೆ ಕರೆದರು.

"ಕುರಿಗಾರರಿಗೆ ಈ ಸಿಸ್ಟ್ ಆಗೋದು ಹೊಸದಲ್ಲ ಮಾಸ್ತರ್ರ. ಆದ್ರ ಟಗರು ಹಾಯ್ದು ಒಡದದ್ದು ನಾ ಎಲ್ಲೂ ಓದಿಲ್ಲ. ರೇರ್ ಕೇಸ್ ಇದು. ನಮ್ಮ ಸರ್ಜನ್‌ರ ಪತ್ರಿಕಿಗೆ ಬರದು ಕಳಸಬೇಕಂತೀನಿ. ನೀವು ಕಣ್ಣಾರೆ ನೋಡಿದವರು. ಟಗರು ಎಷ್ಟು ಎತ್ತರ ಇತ್ತು, ಎಷ್ಟು ದೂರದಿಂದ ಬಂತು, ಎಲ್ಲಿ ಬಡೀತು, ಎಲ್ಲ ಕನ್ನಡದಾಗ ಬರದು ಸಹಿ ಮಾಡಿ ಕೊಡ್ರಿ. ಮುಂದಿನ ಡಾಕ್ಟರ್ರಿಗೆ ಉಪಯೋಗ ಆಗತೈತಿ."

ಹೊರಗೆ ಬೆಂಚಿನ ಮೇಲೆ ಕುಳಿತು ಬರೆದೆ.

ಎರಡು ಪುಟ ಬರೆದೆ. ಟಗರು ಎಂಟು ಹೆಜ್ಜೆ ಹಿಂದೆ ಸರಿಯಿತು ಎಂದು ಬರೆದೆ. ತಲೆ ತಗ್ಗಿಸಿತು ಎಂದು ಬರೆದೆ. ಮುಂಗಾಲಿನಿಂದ ಮಣ್ಣು ಕೆದರಿತು, ಎಡಗೊಂಬಿನ ಸುತ್ತು ಪಕ್ಕೆಗೆ ತಾಗಿತು ಎಂದು ಬರೆದೆ. ಒಳ್ಳೆಯ ಕನ್ನಡ. ಒಂದು ಒತ್ತಕ್ಷರ ತಪ್ಪಿರಲಿಲ್ಲ. ಕೆಳಗೆ ನನ್ನ ಹೆಸರು, ಹುದ್ದೆ, ಸಹಿ. ಊರಿನವರ ಪರವಾಗಿ ಸಾವಿರಾರು ಕಾಗದ ಬರೆದ ಕೈ.

ಮರುದಿನದ ಆಪರೇಷನ್ ಬೆಳಿಗ್ಗೆ ಶುರುವಾಗಿ ಮಧ್ಯಾಹ್ನ ದಾಟಿತು. ದುರುಗಮ್ಮ ಬಾಗಿಲಿನ ಪಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಕುಳಿತಿದ್ದಳು. ಒಬ್ಬ ನರ್ಸ್ ಬಿಳಿ ಬಟ್ಟೆ ಮುಚ್ಚಿದ ಸ್ಟೀಲ್ ಬೇಸಿನ್ ಹಿಡಿದು ಹೋದಳು. ಗಾಳಿಗೆ ಬಟ್ಟೆ ಸರಿಯಿತು. ಬೇಸಿನ್ ತುಂಬ ಗುಳ್ಳೆಗಳು. ಕೆಲವು ಗೋಲಿಯಷ್ಟು, ಕೆಲವು ಮೂಸಂಬಿಯಷ್ಟು. ಕರುಳಿಗೆ ಅಂಟಿಕೊಂಡಿದ್ದ ಕಡೆ ಒಂದು ಗೇಣು ಕರುಳನ್ನೇ ಕತ್ತರಿಸಿ ಜೋಡಿಸಬೇಕಾಯಿತು. ನಾಲ್ಕು ದಿನ ಅವನು ಬಾಯಿಗೆ ನೀರು ಮುಟ್ಟಿಸುವಂತಿರಲಿಲ್ಲ. ಮೂಗಿನಲ್ಲಿ ಒಂದು ಟ್ಯೂಬ್, ಹೊಟ್ಟೆಯಲ್ಲಿ ಎರಡು.

ಐದನೆಯ ದಿನ ಅವನಿಗೆ ಚಮಚದಲ್ಲಿ ನೀರು ಕುಡಿಸುತ್ತಿದ್ದೆ. ದುರುಗಮ್ಮ ಬಟ್ಟೆ ಒಗೆಯಲು ಹೋಗಿದ್ದಳು.

"ಯಣ್ಣ, ಡಾಕ್ಟರಿಗೆ ಏನೋ ಬರದು ಕೊಟ್ಟಿಯಂತಲ್ಲ. ನರ್ಸಮ್ಮ ಅನ್ನಾಕತ್ತಿದ್ಲು."

"ಹೂಂ."

"ಏನಂತ?"

ಹೇಳಿದೆ. ಎಂಟು ಹೆಜ್ಜೆ, ಕೆದರಿದ ಮಣ್ಣು, ಎಡಗೊಂಬು. ಅವನು ಕಣ್ಣು ಮುಚ್ಚಿ ಕೇಳಿದ. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಮೆಲ್ಲಗೆ ನಕ್ಕ.

"ಚಲೋ ಬರದಿಯಣ್ಣ. ಕೇಳಿದ್ರ ನಾನ ನಂಬತೀನಿ."

ನಾನು ಚಮಚ ಕೆಳಗಿಟ್ಟೆ.

"ಎಲ್ಲ ಖರೇ ಹೇಳಬೇಕಂತ ನಾ ಒಮ್ಮೇನೂ ಅಂದಿಲ್ಲ" ಎಂದ. ಒಂದೊಂದು ಮಾತಿಗೂ ನಿಲ್ಲಬೇಕಾಗುತ್ತಿತ್ತು. "ನಿನ್ನ ಕೈ ಹೆಸರು ಕೆಡೋದು ನನಗೂ ಬ್ಯಾಡಾಗಿತ್ತು. ನೀ ಕಲ್ಲು ಎಡವಿ ಬಿದ್ದ ಅನ್ನಬೌದಾಗಿತ್ತು. ಬಂಡಿ ನೊಗ ಬಡೀತು ಅನ್ನಬೌದಾಗಿತ್ತು. ಆ ಮೂಕಪ್ರಾಣಿ ಮ್ಯಾಲೆ ಯಾಕ ಹಾಕಿದಿಯಣ್ಣ? ಕೆಂಚ ಯಾರಿಗೂ ಹಾಯ್ದಿದ್ದಿಲ್ಲ. ಸಣ್ಣ ಮಕ್ಕಳು ಕೊಂಬು ಹಿಡದು ಜಗ್ಗಿದ್ರೂ ಹಾಯ್ದಿದ್ದಿಲ್ಲ."

ಅಷ್ಟೇ. ಆರು ವರ್ಷದಲ್ಲಿ ಅವನು ನನ್ನನ್ನು ಕೇಳಿದ್ದು ಅಷ್ಟೇ. ತನ್ನ ಹೊಟ್ಟೆಯ ಬಗ್ಗೆ ಕೇಳಲಿಲ್ಲ.

ನಾನು ಎದ್ದು ಸರ್ಜನ್‌ರ ಕೋಣೆಗೆ ಹೋದೆ. ಹೊರಗೆ ಸರದಿಯಲ್ಲಿ ಜನರಿದ್ದರು. ಸರದಿ ಬರುವ ತನಕ ನಿಂತೆ. ಎರಡು ಸಲ ಕಾಲು ಹೊರಬಾಗಿಲ ಕಡೆ ತಿರುಗಿದವು. ಅದನ್ನೂ ಬರೆದುಬಿಡುತ್ತೇನೆ.

ಒಳಗೆ ಹೋಗಿ ನಿಂತೇ ಹೇಳಿದೆ. ಗಂಟು ಮೊದಲು ನನ್ನ ಕೈಗೆ ಸಿಕ್ಕಿದ್ದು, ಎರಡು ವರ್ಷ ತಿಕ್ಕಿದ್ದು, ಅವನು ಸಾಕೆಂದರೂ ಒತ್ತಿದ್ದು, ಒಡೆದಾಗ ಖುಷಿಪಟ್ಟದ್ದು, ಸಿಂಧನೂರಿನ ಡಾಕ್ಟರಿಗೆ ಸುಳ್ಳು ಹೇಳಿದ್ದು, ಆ ಸುಳ್ಳಿಗೆ ಹೆದರಿ ಅವನನ್ನು ಮತ್ತೆ ತೋರಿಸದೆ ಉಳಿದದ್ದು.

ಅವರು ಬೈಯಲಿಲ್ಲ. ಡ್ರಾಯರಿನಿಂದ ನನ್ನ ಎರಡು ಪುಟ ತೆಗೆದು ಮೇಜಿನ ಮೇಲಿಟ್ಟರು.

"ಇದು ನಾಳೆ ಟೈಪಿಗೆ ಹೋಗತಿತ್ತು" ಎಂದರು.

"ಆವಾಗ ಖರೇ ಹೇಳಿದ್ರ ಅವ ಇಷ್ಟು ನರಳತಿದ್ದಿಲ್ಲೇನ್ರಿ?"

"ಅದನ್ನ ಹೇಳಾಕ ಬರಂಗಿಲ್ಲ. ಸಿಸ್ಟ್ ಒಡದ ಮ್ಯಾಲೆ ಎಂಥ ಡಾಕ್ಟರ್ರಿಗೂ ಕಷ್ಟನ. ಆದ್ರ ಆರು ತಿಂಗಳಿಗೊಮ್ಮೆ ತೋರಿಸಿದ್ರ ಇಷ್ಟು ಬೆಳಿಯಾಕ ಬಿಡತಿದ್ದಿಲ್ಲ. ಅಷ್ಟ ಹೇಳಬಲ್ಲೆ." ಆಮೇಲೆ ತಲೆಯೆತ್ತಿ ಕೇಳಿದರು. "ಈಗಲೂ ತಿಕ್ಕತೀರೇನು?"

"ಹೌದ್ರಿ."

"ಯಾರರ ಹೊಟ್ಟ್ಯಾಗ ಗಂಟು ಸಿಕ್ರ?"

ಅಂಥವರು ಇದ್ದರು. ಯಾರ್ಯಾರೆಂದು ನೆನಪಿಗೆ ಬರತೊಡಗಿತು. ಮೆದಿಕಿನಾಳದ ಒಬ್ಬ ಹೆಂಗಸು. ಮಸ್ಕಿಯ ಒಬ್ಬ ದರ್ಜಿ.

ಅವರು ಬಿಳಿ ಹಾಳೆ ಮುಂದೆ ಇಟ್ಟರು. "ಮತ್ತ ಬರೀರಿ. ಹೆಸರು ಹಾಕಂಗಿಲ್ಲ ನಾ. ಟಗರಿಗಿಂತ ಇದು ನಮಗ ಹೆಚ್ಚು ಬೇಕಾಗಿದ್ದು. ಟಗರು ಹಾಯೋದು ಒಬ್ಬರಿಗೆ. ಹೊಟ್ಟಿ ತಿಕ್ಕಿಸಿಕೊಳ್ಳೋರು ಊರೂರಿಗೂ ಅದಾರ."

ಸುಳ್ಳು ಎರಡು ಪುಟ ಆಗಿತ್ತು. ನಿಜ ಅರ್ಧ ಪುಟಕ್ಕೆ ಮುಗಿಯಿತು. ಅಕ್ಷರ ಸೊಟ್ಟಗಿದ್ದವು.

ದುರುಗಮ್ಮನಿಗೆ ಅವತ್ತೇ ಹೇಳಿದೆ. ಒದ್ದೆ ಬಟ್ಟೆ ಹಿಂಡುತ್ತ ನಿಂತಿದ್ದಳು. ಹಿಂಡುವುದನ್ನು ನಿಲ್ಲಿಸಲಿಲ್ಲ. ನೀರು ಪೂರ್ತಿ ಹೋದ ಮೇಲೂ ಹಿಂಡುತ್ತಲೇ ಇದ್ದಳು.

"ನಿಮ್ಮ ಮನಿಗೂ ಪಾಲು ಕಳಿಸಿದ್ನಲ್ಲ ಭಾವ" ಎಂದಳು ಕೊನೆಗೆ. "ತೊಡಿ ಮಾಂಸ ಆರಿಸಿ ಕಳಿಸಿದ್ದೆ. ಗಂಡನ್ನ ಉಳಿಸಿದ ಭಾವ ಅಂತ. ರುಚಿ ಇತ್ತೇನು?"

ಅವಳು ಆಮೇಲೆ ಮೂರು ತಿಂಗಳು ನನ್ನೊಡನೆ ಮಾತಾಡಲಿಲ್ಲ. ಈಗ ಆಡುತ್ತಾಳೆ, ಬೇಕಾದಷ್ಟು ಮಾತ್ರ. ಅದು ನ್ಯಾಯ.

ಊರಿಗೆ ಬಂದ ಮೇಲೆ ಚಾಪೆ ಸುತ್ತಿಟ್ಟೆ. ಈ ಸಲ ಕೈನೋವು ಎನ್ನಲಿಲ್ಲ. ಬಂದವರಿಗೆಲ್ಲ ನಡೆದದ್ದು ಹೇಳಿದೆ. ಕೆಲವರು ನಂಬಲಿಲ್ಲ, ನನಗೆ ವಯಸ್ಸಾಗಿ ತಲೆ ಕೆಟ್ಟಿದೆ ಎಂದರು. ಕೆಲವರು ಬೇರೆ ಊರಿನ ಬಟ್ಟಿಯವನನ್ನು ಹುಡುಕಿಕೊಂಡು ಹೋದರು. ಮೆದಿಕಿನಾಳದ ಹೆಂಗಸಿನ ಮನೆಗೆ ನಾನೇ ಹೋದೆ. ಅವಳನ್ನು ಲಿಂಗಸುಗೂರಿಗೆ ಕರೆದೊಯ್ಯಲು ಅವಳ ಮಗ ಒಪ್ಪಬೇಕಾದರೆ ಮೂರು ಸಲ ಹೋಗಬೇಕಾಯಿತು. ಅವಳದು ಬೇರೆ ಥರದ ಗಂಟು, ಆಪರೇಷನ್ ಆಯಿತು, ಈಗ ಇದ್ದಾಳೆ. ಮಸ್ಕಿಯ ದರ್ಜಿಯ ಅಂಗಡಿ ಮುಚ್ಚಿತ್ತು. ಎಲ್ಲಿಗೆ ಹೋದರೆಂದು ಅಕ್ಕಪಕ್ಕದವರಿಗೆ ಗೊತ್ತಿರಲಿಲ್ಲ. ಮಸ್ಕಿಗೆ ಹೋದಾಗಲೆಲ್ಲ ಇವತ್ತಿಗೂ ಆ ಬಾಗಿಲು ನೋಡಿ ಬರುತ್ತೇನೆ.

ಹೋದ ತಿಂಗಳು ಅಮರಪ್ಪನನ್ನು ಆ ದೊಡ್ಡ ಆಸ್ಪತ್ರೆಯಲ್ಲಿ ತೋರಿಸಿಕೊಂಡು ಬಂದೆ. ಈಗ ಆರು ತಿಂಗಳಿಗೊಮ್ಮೆ ತಪ್ಪಿಸುವುದಿಲ್ಲ. ಸ್ಕ್ಯಾನಿಂಗ್‌ನಲ್ಲಿ ಒಂದು ಸಣ್ಣದು ಕಾಣುತ್ತಿದೆಯಂತೆ, ಬೆಳೆಯುತ್ತಿಲ್ಲವಂತೆ. ಗುಳಿಗೆ ನುಂಗಬೇಕು, ಕಾಯಬೇಕು. ಪೂರ್ತಿ ಗುಣ ಎಂದು ಡಾಕ್ಟರು ಹೇಳಲಿಲ್ಲ. ಇಲ್ಲ ಎಂದೂ ಹೇಳಲಿಲ್ಲ. ಬರುವಾಗ ಹೊಸ ಕಾರ್ಡು ಕೊಟ್ಟರು, ಹಳೆಯ ವಿವರ ತಿದ್ದಿ ಬರೆದದ್ದು.

ಲಿಂಗಸುಗೂರಿನ ಬಸ್ ಸ್ಟ್ಯಾಂಡಿನಲ್ಲಿ ಮಸ್ಕಿಯ ಬಸ್ಸಿಗೆ ಕಾಯುತ್ತಿದ್ದೆವು. ಬಿಸಿಲು ಬೆಂಚಿನ ಅರ್ಧಕ್ಕೆ ಬಂದಿತ್ತು. ಅವನು ನೆರಳಿನಲ್ಲಿ, ನಾನು ಬಿಸಿಲಿನಲ್ಲಿ.

"ಅದನ್ನ ಓದು" ಎಂದ.

ಇಂಗ್ಲಿಷನ್ನು ತಡವರಿಸುತ್ತ ಓದಿ ಕನ್ನಡದಲ್ಲಿ ಹೇಳಿದೆ. ಲಿವರಿನ ಸಿಸ್ಟ್. ಹೊಟ್ಟೆ ತಿಕ್ಕಿದಾಗ ಒಡೆದದ್ದು. ತಿಕ್ಕಿದವರು ರೋಗಿಯ ಸಂಬಂಧಿ.

"ಟಗರಿನ ಸುದ್ದಿ ಐತೇನು ಅದರಾಗ?"

"ಇಲ್ಲ."

"ಇನ್ನೊಮ್ಮೆ ನೋಡು. ಹಿಂದ ಏನರ ಬರದಾರೇನು?"

ಕಾರ್ಡು ತಿರುಗಿಸಿ ನೋಡಿದೆ. "ಎಲ್ಲೂ ಇಲ್ಲಪ್ಪ. ತಗದಾರ."

ಅವನು ಕಾರ್ಡು ಇಸಿದುಕೊಂಡು, ತಾನೂ ಒಮ್ಮೆ ಎರಡೂ ಕಡೆ ನೋಡಿ, ಮಡಚಿ, ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡ.

ಬಸ್ ಬಂತು. ಈಗ ಅವನಿಗೆ ಕುಳಿತಲ್ಲಿಂದ ಏಳುವುದು ಸುಲಭವಲ್ಲ. ಆಸರೆಗೆ ಕೈ ಚಾಚಿದೆ. ಅವನು ಒಂದು ಗಳಿಗೆ ಆ ಕೈ ನೋಡಿದ. ಆಮೇಲೆ ಹಿಡಿದುಕೊಂಡು ಎದ್ದ.